ಹಲ್ಲು ಕಚ್ಚಿಕೊಂಡು ಎಷ್ಟು ದಿನ?

"ಹಲ್ಲು ಕಚ್ಚಿಕೊಂಡು ಸಹಿಸಿಕೋ."

ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ತವರಲ್ಲಿ ಕೇಳಿದ್ದೇವೆ. ಗಂಡನ ಮನೆಯಲ್ಲಿ ಕೇಳಿದ್ದೇವೆ. ನಾವೂ ಇನ್ನೊಬ್ಬರಿಗೆ ಹೇಳಿದ್ದೇವೆ.

ಆದರೆ ಇದು ಬರೀ ಮಾತಲ್ಲ. ನಮ್ಮಲ್ಲಿ ಎಷ್ಟೋ ಜನ ನಿಜವಾಗಿಯೂ ಹಲ್ಲು ಕಚ್ಚುತ್ತೇವೆ. ಹಗಲು ದವಡೆ ಬಿಗಿಯುತ್ತೇವೆ. ರಾತ್ರಿ ನಿದ್ದೆಯಲ್ಲಿ ಕಟಕಟ ಅಂತ ಹಲ್ಲು ಕಡಿಯುತ್ತೇವೆ. ಅದು ನಮಗೇ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ಡಾಕ್ಟರು ಇದಕ್ಕೆ 'ಬ್ರಕ್ಸಿಸಂ' ಅನ್ನುತ್ತಾರೆ.

ಈಗಲೇ ಒಂದು ಪರೀಕ್ಷೆ ಮಾಡೋಣ. ಓದುವುದನ್ನು ಒಂದು ಗಳಿಗೆ ನಿಲ್ಲಿಸೋಣ. ನಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಒತ್ತಿಕೊಂಡಿದೆಯೇ? ಹಾಗಿದ್ದರೆ ಸಡಿಲ ಬಿಡೋಣ. ಹಲ್ಲು ತಾಗಬೇಕಾದ್ದು ಅಗಿಯುವಾಗ, ಉಗುಳು ನುಂಗುವಾಗ. ಉಳಿದ ಹೊತ್ತು ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸ್ವಲ್ಪ ಸಂದಿ ಇರಬೇಕು.

ಏನು ತೊಂದರೆ?

ಬೀಸುವ ಕಲ್ಲು ನಮಗೆ ಗೊತ್ತು. ರಾಗಿ ಹಾಕಿ ಬೀಸಿದರೆ ಹಿಟ್ಟು ಬರುತ್ತದೆ. ಕಾಳಿಲ್ಲದೆ ಬೀಸಿದರೆ? ಕಲ್ಲಿಗೆ ಕಲ್ಲು ತಿಕ್ಕಿ ಕಲ್ಲೇ ಸವೆಯುತ್ತದೆ. ಹಲ್ಲೂ ಹಾಗೆಯೇ.

ಹಲ್ಲಿನ ಮೇಲೆ ಎನಾಮಲ್ ಎಂಬ ಬಿಳಿ ಪದರ ಇದೆ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಮೂಳೆಗಿಂತಲೂ ಅದು ಗಟ್ಟಿ. ಆದರೆ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಸವೆದ ಬೀಸುವ ಕಲ್ಲಿಗೆ ಮುಳ್ಳು ಹೊಡೆಸಬಹುದು. ಹಲ್ಲಿಗೆ ಆಗುವುದಿಲ್ಲ.

ಈ ಗುರುತುಗಳನ್ನು ನೋಡಿಕೊಳ್ಳೋಣ:

• ಬೆಳಿಗ್ಗೆ ಎದ್ದಾಗ ದವಡೆ ನೋವು, ಕಪಾಲದಲ್ಲಿ ತಲೆನೋವು.
• ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುವುದು.
• ಹಲ್ಲಿನ ತುದಿ ಚಪ್ಪಟೆ ಆಗುವುದು, ಚೂರು ಮುರಿಯುವುದು.
• ಬಾಯಿ ತೆರೆದಾಗ ಕಿವಿಯ ಹತ್ತಿರ ಟಕ್ ಅನ್ನುವುದು, ಜೊತೆಗೆ ನೋವು.

ದವಡೆಯ ನೋವು ಕೆಲವು ಸಲ ಹಲ್ಲುನೋವಿನ ಹಾಗೇ ಇರುತ್ತದೆ. "ಹಲ್ಲೇ ಕೀಳಿಸಿಬಿಡೋಣ" ಅಂತ ನಾವು ಹೊರಡುತ್ತೇವೆ. ಅವಸರ ಬೇಡ. ನೋವು ಹಲ್ಲಿನದೋ ದವಡೆಯದೋ ಎಂದು ದಂತ ವೈದ್ಯರು ನೋಡಿ ಹೇಳಲಿ. ಒಳ್ಳೆಯ ಹಲ್ಲನ್ನು ಕಳೆದುಕೊಳ್ಳುವುದು ಬೇಡ.

ಏಕೆ ಹೀಗೆ?

ದೆವ್ವದ ಕಾಟ ಅಲ್ಲ. ಯಾರ ಶಾಪವೂ ಅಲ್ಲ. ಮನಸ್ಸಿನ ಚಿಂತೆ ಒಂದು ಮುಖ್ಯ ಕಾರಣ. ಸಾಲ, ಜಗಳ, ಮಗಳ ಮದುವೆ, ಕುಡಿಯುವ ಗಂಡ, ಹೀಗೆ ನಮಗೆ ಚಿಂತೆ ಒಂದೇ ಎರಡೇ? ಬಾಯಲ್ಲಿ ಹೇಳಲಾಗದ್ದನ್ನು ದವಡೆ ಬಿಗಿದು ಹಿಡಿಯುತ್ತದೆ. ಹೊಗೆಸೊಪ್ಪು, ಮದ್ಯ, ಅತಿಯಾದ ಕಾಫಿ, ಕೆಲವು ಔಷಧಿಗಳಿಂದಲೂ ಇದು ಹೆಚ್ಚಬಹುದು. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರಲ್ಲೂ ಇದು ಕಾಣಬಹುದು. ಅದನ್ನು ವೈದ್ಯರಿಗೆ ಹೇಳಬೇಕು.

"ಮಗು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳು" ಅಂತಾರೆ. ಹಲ್ಲು ಕಡಿಯುವ ಮಕ್ಕಳಿಗೆಲ್ಲ ಹುಳು ಇರುವುದಿಲ್ಲ. ಬೆಳೆಯುತ್ತಾ ಹೆಚ್ಚಿನ ಮಕ್ಕಳಿಗೆ ಇದು ತಾನೇ ಬಿಟ್ಟುಹೋಗುತ್ತದೆ. ಆದರೆ ಜಂತುಹುಳದ ಮಾತ್ರೆ ತಪ್ಪಿಸುವುದು ಬೇಡ. 2015ರಿಂದ ಅಂಗನವಾಡಿ, ಶಾಲೆಗಳಲ್ಲಿ ಅದನ್ನು ಮಕ್ಕಳಿಗೆ ಕೊಡುತ್ತಿದ್ದಾರೆ.

ಏನು ಮಾಡೋಣ?

ನೀರಿನ ಕೊಡ ಎತ್ತುವಾಗ, ಸೂಜಿಗೆ ದಾರ ಪೋಣಿಸುವಾಗ, ಸ್ಲೇಟಿನ ಮೇಲೆ ಕಷ್ಟದ ಒತ್ತಕ್ಷರ ಬರೆಯುವಾಗ ಹಲ್ಲು ಕಚ್ಚಿದ್ದೇವೆಯೇ ಎಂದು ಗಮನಿಸೋಣ. ಕಚ್ಚಿದ್ದರೆ ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲಿನ ಹಿಂದೆ ಮೆಲ್ಲಗೆ ಇಡೋಣ. ದವಡೆ ಸಡಿಲವಾಗುತ್ತದೆ.

ನೋವಿದ್ದರೆ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಚರ್ಮ ಸುಡದಷ್ಟು ಬೆಚ್ಚಗೆ ಕೆನ್ನೆಗೆ ಶಾಖ ಕೊಡೋಣ. ಕೆಲವು ದಿನ ಮುದ್ದೆ, ಮೆತ್ತನೆ ಅನ್ನ ಉಣ್ಣೋಣ. ಗಟ್ಟಿ ಅಡಿಕೆ ಅಗಿಯುವುದು ಬೇಡ. ಅಂಗಡಿಯ ನೋವಿನ ಮಾತ್ರೆಯನ್ನು ದಿನಾ ನುಂಗುವುದು ಬೇಡ.

ದಂತ ವೈದ್ಯರು ನಮ್ಮ ಹಲ್ಲಿನ ಅಚ್ಚು ತೆಗೆದು 'ನೈಟ್ ಗಾರ್ಡ್' ಮಾಡಿಸಿ ಕೊಡುತ್ತಾರೆ. ಅದು ಹಲ್ಲಿಗೆ ಹಾಕುವ ಕವಚ. ರಾತ್ರಿ ಹಾಕಿಕೊಂಡು ಮಲಗಬೇಕು, ಬೆಳಿಗ್ಗೆ ತೊಳೆದಿಡಬೇಕು. ಅದು ಕಡಿಯುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಆದರೆ ಹಲ್ಲು ಸವೆಯದಂತೆ ಕಾಯುತ್ತದೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ತುಂಬಾ ಸವೆದ ಹಲ್ಲಿಗೆ ಸಿಮೆಂಟ್ ತುಂಬಬಹುದು, ಟೋಪಿ ಹಾಕಬಹುದು.

ಎಚ್ಚರ! ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು ಇದ್ದರೆ ಅದು ಹೃದಯದ ತೊಂದರೆ ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡೋಣ.

ಬಾಯಿ ಬಿಟ್ಟು ಹೇಳೋಣ

ಕವಚ ಹಲ್ಲನ್ನು ಕಾಯುತ್ತದೆ. ಮನಸ್ಸನ್ನು ಯಾರು ಕಾಯಬೇಕು? ನಂಬಿಕೆಯ ಗೆಳತಿಯ ಹತ್ತಿರ, ನಮ್ಮ ಸಂಘದಲ್ಲಿ ಮನಸ್ಸಿನದ್ದು ಹೇಳಿಕೊಳ್ಳೋಣ. ಮನಸ್ಸಿನ ಕಷ್ಟಕ್ಕೆ ಸರ್ಕಾರದ 'ಟೆಲಿ ಮನಸ್' ಇದೆ. ಅದು 2022ರಲ್ಲಿ ಶುರುವಾಯಿತು. ನಂಬರು 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181.

ಈ ಎರಡು ನಂಬರನ್ನು ನಮ್ಮ ಕೈಯಾರೆ ಬರೆದಿಟ್ಟುಕೊಳ್ಳೋಣ. ಈಗ ನಮಗೆ ಬರೆಯಲು ಬರುತ್ತದೆ.

ಕೂಡಿ ಮಾತಾಡೋಣ

1. ನಾವು ಯಾವ ಕೆಲಸ ಮಾಡುವಾಗ ಹಲ್ಲು ಕಚ್ಚುತ್ತೇವೆ?
2. ಬೀಸುವ ಕಲ್ಲಿಗೂ ಹಲ್ಲಿಗೂ ಇರುವ ವ್ಯತ್ಯಾಸ ಏನು?
3. "ಸಹಿಸಿಕೋ" ಎಂದು ನಮ್ಮ ಮಗಳಿಗೂ ಹೇಳಬೇಕೇ? ಬೇರೆ ಏನು ಹೇಳಬಹುದು?