ಮೊದಲು ಗುರಿ, ಆಮೇಲೆ ದಾರಿ



ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಗುರುನಿವಾಸದ ಬಾಗಿಲು ತಟ್ಟುವವರು ಹೆಚ್ಚು. ಕೆಲವರು ಸಿಹಿ ತರುತ್ತಾರೆ, ಕೆಲವರು ಕಣ್ಣೀರು ತರುತ್ತಾರೆ. ಹೀಗೆಯೇ ಒಂದು ಸಂಜೆ ಒಬ್ಬ ತಾಯಿ ತಮ್ಮ ಮಗನನ್ನು ಕರೆದುಕೊಂಡು ಬಂದರು. "ಫಾದರ್, ಇವನ ಬಾಳೇ ಮುಗಿದುಹೋಯಿತು. ಎರಡನೆಯ ಸಲ ಬರೆದರೂ ಮೆಡಿಕಲ್ ಸೀಟಿಗೆ ಬೇಕಾದಷ್ಟು ಅಂಕ ಬರಲಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗ ತಲೆ ಎತ್ತಲಿಲ್ಲ. ಹತ್ತು ದಿನಗಳಿಂದ ಊಟಕ್ಕೆ ಕರೆದರೂ ಅವನು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲವಂತೆ.

"ನೀನು ಡಾಕ್ಟರಾಗಬೇಕೆಂದು ಬಯಸಿದ್ದು ಯಾಕೆ, ಮಗು?" ಎಂದು ಕೇಳಿದೆ. ಅವನು ತಾಯಿಯ ಮುಖ ನೋಡಿದ. ತಾಯಿಯೇ ಉತ್ತರ ಕೊಟ್ಟರು: "ನಮ್ಮ ಕುಟುಂಬದಲ್ಲಿ ಒಬ್ಬರೂ ಡಾಕ್ಟರಿಲ್ಲ, ಫಾದರ್."

ಆ ತಾಯಿಯನ್ನು ನಾನು ದೂರುವುದಿಲ್ಲ. ಮಕ್ಕಳಿಗಾಗಿ ಹೊಟ್ಟೆ ಬಟ್ಟೆ ಕಟ್ಟಿ ಹಣ ಕೂಡಿಟ್ಟವರು ಅವರು. ಆದರೆ ಅವರ ಮಾತಿನಲ್ಲಿ ನಮ್ಮೆಲ್ಲರ ಒಂದು ತಪ್ಪು ಅಡಗಿದೆ. ನಾವು ದಾರಿಯನ್ನೇ ಗುರಿ ಎಂದು ತಿಳಿಯುತ್ತೇವೆ. ದಾರಿ ಮುಚ್ಚಿದಾಗ ಗುರಿಯೇ ಸತ್ತುಹೋಯಿತೆಂದು ಅಳುತ್ತೇವೆ.

ಎಲ್ಲಿಗೆ ಹೋಗಬೇಕು?

ಬಸ್ಸು ಹತ್ತಿದ ಕೂಡಲೇ ಕಂಡಕ್ಟರು ಕೇಳುವ ಮೊದಲ ಪ್ರಶ್ನೆ "ಎಲ್ಲಿಗೆ?" ಎಂಬುದು. ಊರ ಹೆಸರು ಹೇಳದೆ ಟಿಕೆಟು ಕೇಳುವವರು ಯಾರೂ ಇಲ್ಲ. ಆದರೆ ಬಾಳಿನಲ್ಲಿ ನಾವು ಮೊದಲು ಬಸ್ಸನ್ನು ಆರಿಸುತ್ತೇವೆ. ಇಂಜಿನಿಯರಿಂಗ್, ಸಾಫ್ಟ್‌ವೇರ್, ಕೊಲ್ಲಿ ರಾಷ್ಟ್ರದ ಕೆಲಸ, ನಗರದಲ್ಲಿ ಸ್ವಂತ ಮನೆ. ಎಲ್ಲಿಗೆ ಎಂಬ ಪ್ರಶ್ನೆಯನ್ನು ನಿವೃತ್ತಿಯಾದ ಮೇಲೆ ಕೇಳಿಕೊಳ್ಳುತ್ತೇವೆ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ಒಂದು ವಿಚಾರವನ್ನು ನಾವು ಕಲಿತೆವು. ಗುರಿಯು ಸಂಕಲ್ಪದಲ್ಲಿ ಮೊದಲನೆಯದು, ಕಾರ್ಯದಲ್ಲಿ ಕೊನೆಯದು. ಮನೆ ಕಟ್ಟುವವನು ಮನೆಯಲ್ಲಿ ವಾಸ ಮಾಡುವುದು ಎಲ್ಲ ಕೆಲಸ ಮುಗಿದ ಮೇಲೆ. ಆದರೆ ಆ ವಾಸದ ಚಿಂತೆ ಪಾಯ ತೋಡುವ ಮೊದಲೇ ಅವನ ಮನಸ್ಸಿನಲ್ಲಿ ಇರಬೇಕು. ಇಲ್ಲವಾದರೆ ಕಲ್ಲು ಇಟ್ಟಿಗೆ ರಾಶಿ ಬೀಳುತ್ತದೆಯೇ ಹೊರತು ಮನೆಯಾಗುವುದಿಲ್ಲ.

ಕಾಲು ಮುರಿದ ಸೈನಿಕ

ಗುರಿಯ ವಿಷಯದಲ್ಲಿ ನಮಗೆ ಒಳ್ಳೆಯ ಗುರು ಲೊಯೋಲಾದ ಸಂತ ಇಗ್ನಾಸಿಯವರು. 1491ರಲ್ಲಿ ಸ್ಪೇನ್ ದೇಶದ ಸಿರಿವಂತ ಮನೆತನದಲ್ಲಿ ಹುಟ್ಟಿದ ಅವರಿಗೆ ಯೌವನದಲ್ಲಿ ಗುರಿ ಇರಲಿಲ್ಲವೆಂದಲ್ಲ. ಯುದ್ಧದಲ್ಲಿ ಹೆಸರು ಗಳಿಸಬೇಕು, ಒಬ್ಬ ಉನ್ನತ ಕುಲದ ಮಹಿಳೆಯ ಮೆಚ್ಚುಗೆ ಪಡೆಯಬೇಕು, ಇದೇ ಅವರ ಗುರಿ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಬಡಿದು ಅವರ ಬಲಗಾಲು ಮುರಿಯಿತು. ಕೂಡಿದ ಕಾಲಿನಲ್ಲಿ ಮೂಳೆಯೊಂದು ಹೊರಗೆ ಉಬ್ಬಿಕೊಂಡಿತ್ತು. ಬಿಗಿಯಾದ ಬೂಟು ಹಾಕಲು ಅಡ್ಡಿಯಾಗುತ್ತದೆಂದು, ಅರಿವಳಿಕೆಯಿಲ್ಲದ ಆ ಕಾಲದಲ್ಲಿ, ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು! ತಪ್ಪು ಗುರಿಗಾಗಿಯೂ ಮನುಷ್ಯ ಎಷ್ಟು ನೋವು ತಿನ್ನಬಲ್ಲ ನೋಡಿ.

ಹಾಸಿಗೆಯಲ್ಲಿ ಮಲಗಿದ್ದ ಅವರು ಓದಲು ವೀರರ ಕಥೆಗಳನ್ನು ಕೇಳಿದರು. ಮನೆಯಲ್ಲಿ ಅಂಥ ಪುಸ್ತಕ ಒಂದೂ ಇರಲಿಲ್ಲ. ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆ ಮಾತ್ರ ಸಿಕ್ಕವು. ಬೇಸರ ಕಳೆಯಲು ಅವನ್ನೇ ಓದಿದರು. ಆಗ ತಮ್ಮ ಮನಸ್ಸಿನಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಿದರು. ಶೌರ್ಯದ ಹಗಲುಗನಸು ಕಾಣುವಾಗ ಸಂತೋಷವಾಗುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ಬಾಳುವ ಯೋಚನೆ ಬಂದಾಗಲೂ ಸಂತೋಷವಾಗುತ್ತಿತ್ತು, ಯೋಚನೆ ಹೋದ ಮೇಲೂ ಆ ಸಂತೋಷ ಉಳಿಯುತ್ತಿತ್ತು. ಯಾವುದು ಉಳಿಯುತ್ತದೆಯೋ ಅದು ದೇವರಿಂದ ಬಂದದ್ದು ಎಂದು ಅವರು ಅರಿತರು.

ನಿಮ್ಮ ಗುರಿಯನ್ನು ಪರೀಕ್ಷಿಸಲು ಇದೇ ಮೊದಲ ಒರೆಗಲ್ಲು. ಗುರಿ ಈಡೇರಿತೆಂದೇ ಕಲ್ಪಿಸಿಕೊಳ್ಳಿ. ಮರುದಿನ ಬೆಳಿಗ್ಗೆ ನಿಮ್ಮಲ್ಲಿ ಏನು ಉಳಿಯುತ್ತದೆ?

ಮುಚ್ಚಿದ ದಾರಿ, ಉಳಿದ ಗುರಿ

ಇನ್ನು ಮುಂದಿನ ಪಾಠ. ಜೆರುಸಲೇಮಿನಲ್ಲೇ ನೆಲೆಸಿ ಜನರ ಆತ್ಮಗಳಿಗೆ ನೆರವಾಗಬೇಕೆಂದು ಇಗ್ನಾಸಿಯವರು ನಿಶ್ಚಯಿಸಿದರು. 1523ರಲ್ಲಿ ಕಷ್ಟಪಟ್ಟು ಅಲ್ಲಿಗೆ ತಲುಪಿದರು. ಆದರೆ ಪುಣ್ಯಸ್ಥಳಗಳ ಹೊಣೆ ಹೊತ್ತಿದ್ದ ಫ್ರಾನ್ಸಿಸ್ಕನ್ ಗುರುಗಳು, ಅಪಾಯವಿದೆಯೆಂದು ಅವರನ್ನು ಹಿಂದಕ್ಕೆ ಕಳುಹಿಸಿದರು. ಇರಲು ಸಿಕ್ಕಿದ್ದು ಮೂರು ವಾರಕ್ಕಿಂತ ಕಡಿಮೆ!

ಅವರು ಕೋಣೆಯ ಬಾಗಿಲು ಹಾಕಿಕೊಳ್ಳಲಿಲ್ಲ. ಜೆರುಸಲೇಮ್ ದಾರಿ, ಜನರಿಗೆ ನೆರವಾಗುವುದು ಗುರಿ. ನೆರವಾಗಬೇಕಾದರೆ ವಿದ್ಯೆ ಬೇಕೆಂದು ತಿಳಿದು, ಬಾರ್ಸಿಲೋನಾಕ್ಕೆ ಬಂದು 33ನೆಯ ವಯಸ್ಸಿನಲ್ಲಿ ಸಣ್ಣ ಹುಡುಗರ ಜೊತೆ ಲತೀನ್ ವ್ಯಾಕರಣ ಕಲಿಯಲು ಕುಳಿತರು. ಕ್ರಿಯಾಪದ ಬಾಯಿಪಾಠ ಮಾಡುವಾಗಲೇ ಧ್ಯಾನದ ಆನಂದ ನುಗ್ಗಿ ಬರುತ್ತಿತ್ತು, ಪಾಠ ತಲೆಗೆ ಹತ್ತುತ್ತಿರಲಿಲ್ಲ. ಇದೂ ಒಂದು ಶೋಧನೆಯೆಂದು ಕಂಡುಕೊಂಡು, ಎರಡು ವರ್ಷ ತಪ್ಪದೆ ಪಾಠ ಕೇಳುವೆನೆಂದು ಗುರುವಿಗೆ ಮಾತು ಕೊಟ್ಟರು. ದೊಡ್ಡ ಗುರಿಗೆ ಬೇಸರದ ಮೆಟ್ಟಿಲುಗಳಿರುತ್ತವೆ. ಅವನ್ನು ಹಾರಿ ಹೋಗಲಾಗದು.

ಮುಂದೆ ಪ್ಯಾರಿಸಿನಲ್ಲಿ ಓದುವಾಗ 1534ರ ಆಗಸ್ಟ್ 15ರಂದು ಅವರು ಆರು ಮಂದಿ ಸಂಗಡಿಗರೊಡನೆ ವ್ರತ ಕೈಗೊಂಡರು. ಜೆರುಸಲೇಮಿಗೆ ಹೋಗುವುದು, ಅದು ಆಗದಿದ್ದರೆ ಜಗದ್ಗುರುಗಳು ಕಳುಹಿಸಿದಲ್ಲಿಗೆ ಹೋಗುವುದು. ಯುದ್ಧದ ಕಾರಣ ಹಡಗು ಸಿಗಲಿಲ್ಲ. ಎರಡನೆಯ ಸಲವೂ ದಾರಿ ಮುಚ್ಚಿತು. ಆ ಮುಚ್ಚಿದ ದಾರಿಯಿಂದಲೇ 1540ರಲ್ಲಿ ಯೇಸುಸಭೆ ಹುಟ್ಟಿತು. ಆ ಸಂಗಡಿಗರಲ್ಲಿ ಒಬ್ಬರಾದ ಸಂತ ಫ್ರಾನ್ಸಿಸ್ ಕ್ಸೇವಿಯರರನ್ನು ಭಾರತಕ್ಕೆಂದು ಮೊದಲು ಆರಿಸಿರಲೇ ಇಲ್ಲ. ಆಯ್ಕೆಯಾದವರು ಕಾಯಿಲೆ ಬಿದ್ದಾಗ ಅವರು ಹೊರಟರು, 1542ರಲ್ಲಿ ನಮ್ಮ ನೆರೆಯ ಗೋವೆಗೆ ಬಂದಿಳಿದರು. ದೇವರು ಮುಚ್ಚುವ ಬಾಗಿಲುಗಳಲ್ಲೂ ಅವರ ಕರುಣೆ ಇರುತ್ತದೆ.

ಮೂರು ಪ್ರಶ್ನೆಗಳು

ಇಗ್ನಾಸಿಯವರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೃತಿಯಲ್ಲಿ ಒಂದು ಎಚ್ಚರಿಕೆ ಕೊಡುತ್ತಾರೆ. ಹಲವರು ಮೊದಲು ತಮಗೆ ಬೇಕಾದುದನ್ನು ಆರಿಸಿ, ಆಮೇಲೆ ಅದರಲ್ಲಿ ದೇವರ ಸೇವೆ ಮಾಡೋಣ ಎನ್ನುತ್ತಾರೆ. ಅಂದರೆ ನಾವು ಬರೆದ ಅರ್ಜಿಗೆ ದೇವರು ಸಹಿ ಹಾಕಬೇಕು! ಇದಕ್ಕೆ ಮದ್ದಾಗಿ ಅವರು ಹೇಳಿಕೊಡುವ ಬಗೆಯನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು.

ಒಂದು, ನಿಮಗೆ ಪರಿಚಯವೇ ಇಲ್ಲದ ಒಬ್ಬರು ಇದೇ ಸ್ಥಿತಿಯಲ್ಲಿ ನಿಮ್ಮ ಸಲಹೆ ಕೇಳಿದರೆ ಏನು ಹೇಳುತ್ತೀರಿ? ಎರಡು, ಮರಣದ ಹಾಸಿಗೆಯಲ್ಲಿ ಮಲಗಿದಾಗ ಯಾವುದನ್ನು ಆರಿಸಿದ್ದರೆ ಚೆನ್ನಿತ್ತು ಅನಿಸುತ್ತದೆ? ಮೂರು, ನ್ಯಾಯತೀರ್ಪಿನ ದಿನ ಪ್ರಭುವಿನ ಮುಂದೆ ನಿಂತಾಗ ಏನನ್ನು ಆರಿಸಿದೆನೆಂದು ಹೇಳಲು ಇಷ್ಟಪಡುತ್ತೀರಿ?

ಇನ್ನೊಂದು ಮಾತು. ಮನಸ್ಸು ಕುಗ್ಗಿರುವಾಗ ಹಿಂದಿನ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದೆಂಬುದು ಅವರ ನಿಯಮ. ಫಲಿತಾಂಶ ಬಂದ ರಾತ್ರಿ ಯಾರೂ ತಮ್ಮ ಬಾಳಿನ ಮೇಲೆ ತೀರ್ಪು ಬರೆಯಬಾರದು. ತಂದೆತಾಯಿಗಳೇ, ಆ ರಾತ್ರಿ ಮಗುವಿನ ಪಕ್ಕದಲ್ಲಿ ಸುಮ್ಮನೆ ಕುಳಿತರೂ ಸಾಕು.

ದಿನಕ್ಕೊಂದು ಗೆರೆ

ಗುರಿ ದೊಡ್ಡದಾದರೂ ಹೆಜ್ಜೆ ಸಣ್ಣದಿರಲಿ. ಇಗ್ನಾಸಿಯವರ ವಿಧಾನ ಬಹಳ ಸರಳ. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಅದರ ಬಗ್ಗೆ ನಿಶ್ಚಯ ಮಾಡಬೇಕು. ಮಧ್ಯಾಹ್ನದ ಊಟದ ಬಳಿಕ ಒಮ್ಮೆ, ರಾತ್ರಿ ಊಟದ ಬಳಿಕ ಒಮ್ಮೆ, ಎಷ್ಟು ಸಲ ಎಡವಿದೆನೆಂದು ಎಣಿಸಿ ಕಾಗದದ ಗೆರೆಯ ಮೇಲೆ ಅಷ್ಟು ಚುಕ್ಕೆ ಇಡಬೇಕು. ನಿನ್ನೆಗೂ ಇಂದಿಗೂ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡಬೇಕು.

ಸಿಟ್ಟಿನ ಮಾತೇ ಆಗಲಿ, ಮೊಬೈಲಿನಲ್ಲಿ ಕಳೆಯುವ ಹೊತ್ತೇ ಆಗಲಿ, ಕುಡಿತವೇ ಆಗಲಿ, ಒಂದನ್ನು ಹಿಡಿಯಿರಿ. ಹತ್ತು ಸಂಕಲ್ಪ ಮಾಡಿದವನು ಹತ್ತನ್ನೂ ಮರೆಯುತ್ತಾನೆ. ಚುಕ್ಕೆಗಳು ಹೆಚ್ಚಾದ ದಿನ ಕಾಗದ ಹರಿದು ಹಾಕಬೇಡಿ. ಕ್ಷಮೆ ಕೇಳಿ, ಮರುದಿನ ಹೊಸ ಗೆರೆ ಎಳೆಯಿರಿ.

ಮತ್ತೆ ಆ ಹುಡುಗ

ಆ ಹುಡುಗ ಕೆಲವು ದಿನಗಳ ನಂತರ ಒಬ್ಬನೇ ಬಂದ. ನಾನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ: "ಫಾದರ್, ಅಜ್ಜಿ ಹಾಸಿಗೆ ಹಿಡಿದಿದ್ದಾಗ ಅವರ ಬೆನ್ನಿನ ಹುಣ್ಣಿಗೆ ನಾನೇ ಔಷಧ ಹಚ್ಚುತ್ತಿದ್ದೆ. ಬೇರೆ ಯಾರು ಹಚ್ಚಿದರೂ ನೋವಾಗುತ್ತದೆ ಎನ್ನುತ್ತಿದ್ದರು. ಡಾಕ್ಟರಾಗಬೇಕೆಂದು ನನಗೆ ಅನಿಸಿದ್ದು ಆಗ."

ಈಗ ಗುರಿ ಸಿಕ್ಕಿತು. ನೋವಿನಲ್ಲಿರುವವರ ನೋವು ಕಡಿಮೆ ಮಾಡುವುದು. ಇದಕ್ಕೆ ಮೆಡಿಕಲ್ ಕಾಲೇಜು ಒಂದು ದಾರಿ. ನರ್ಸಿಂಗ್ ಇದೆ, ಫಿಸಿಯೋಥೆರಪಿ ಇದೆ, ಪ್ರಯೋಗಾಲಯದ ಕೆಲಸವಿದೆ. ಯಾವುದೆಂದು ಅವನು ಇನ್ನೂ ನಿರ್ಧರಿಸಿಲ್ಲ. ತಾಯಿಯ ಮನಸ್ಸೂ ಪೂರ್ತಿ ಒಪ್ಪಿಲ್ಲ. ಆದರೆ ಅವನು ಈಗ ಎಲ್ಲರ ಜೊತೆ ಊಟಕ್ಕೆ ಕೂರುತ್ತಿದ್ದಾನೆ. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಪ್ರಿಯರೇ, ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳಿ. ಮಕ್ಕಳನ್ನು "ಏನಾಗುತ್ತೀಯ?" ಎಂದು ಕೇಳುವ ಬದಲು "ಯಾರಿಗೆ ನೆರವಾಗಲು ನಿನಗೆ ಇಷ್ಟ?" ಎಂದು ಕೇಳಿ. ಉತ್ತರವನ್ನು ಅವರೇ ಹೇಳಲಿ, ನೀವು ಹೇಳಬೇಡಿ. ಬಳಿಕ ಅದೇ ಪ್ರಶ್ನೆಯನ್ನು ನಿಮಗೂ ಕೇಳಿಕೊಳ್ಳಿ. ನಲವತ್ತಾಗಲಿ, ಎಪ್ಪತ್ತಾಗಲಿ, ಆ ಪ್ರಶ್ನೆಗೆ ವಯಸ್ಸು ಮೀರುವುದಿಲ್ಲ.