ಗಡುವೂ ಕಾಯಕವೂ

ಸಿದ್ಧಾರ್ಥನಗರದ ವಿದ್ಯಾರ್ಥಿಯೊಬ್ಬನು ಮೊನ್ನೆ ಸಂಜೆ ನಮ್ಮಲ್ಲಿಗೆ ಬಂದನು. ವಚನಸಾಹಿತ್ಯವನ್ನು ಕುರಿತ ಪ್ರಬಂಧವನ್ನು ಒಪ್ಪಿಸಲು ಮೂರೇ ದಿನ ಉಳಿದಿತ್ತು, ಒಂದಕ್ಷರವನ್ನೂ ಬರೆದಿರಲಿಲ್ಲ. ತಿಂಗಳೆಲ್ಲ ಏನು ಮಾಡಿದೆಯೆಂದರೆ, “ಎಲ್ಲವನ್ನೂ ಓದಿ ಮುಗಿಸಿ ಬರೆಯೋಣವೆಂದಿದ್ದೆ, ಗುರುಗಳೇ” ಎಂದು ತಲೆ ತಗ್ಗಿಸಿದನು. ಇಲ್ಲಿ ಸೋಮಾರಿತನಕ್ಕಿಂತ ಅಂಜಿಕೆಯೇ ಹೆಚ್ಚು.

ಫ. ಗು. ಹಳಕಟ್ಟಿಯವರಿಗಿದ್ದ ಗಡುವು ಇನ್ನೂ ಕಠಿನವಾದುದು. ವಚನಗಳಿದ್ದ ತಾಳೆಯೋಲೆಗಳನ್ನು ಹುಳು ತಿನ್ನುತ್ತಲಿತ್ತು. ಹುಳುವೇನು ನಾಳೆಯವರೆಗೆ ಕಾದೀತೆ? ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಊರೂರಿನ ಓಲೆಗಳನ್ನು ಸಂಗ್ರಹಿಸಿದರು. ಆದರೆ ಸಕಲ ವಚನಗಳೂ ಕೈಸೇರಲೆಂದು ಕುಳಿತಿರಲಿಲ್ಲ. ದೊರೆತಷ್ಟನ್ನು ವಿಂಗಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದರು, ಉಳಿದ ಭಾಗಗಳು ಆಮೇಲೆ ಬಂದವು. 1925ರಲ್ಲಿ ಸ್ವಂತ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಪತ್ರಿಕೆಯನ್ನು ಹೊತ್ತವನಿಗೆ ಗಡುವು ಬಿಡದು. (ಈ ಲೇಖನವೂ ಸಂಪಾದಕರ ಎರಡನೆಯ ಕಾಗದ ಬಂದ ಮೇಲೆಯೇ ಬರೆದುದೆಂದು ವಾಚಕರಲ್ಲಿ ಅರಿಕೆ.) ಶರಣರ ಕಾಯಕವೂ ಅಂದಂದಿಗೆ ನಡೆಯತಕ್ಕುದೇ ಅಲ್ಲವೆ?

ಹುಡುಗನಿಗೆ ಒಂದೇ ವಚನವನ್ನು ತೆಗೆದುಕೊಟ್ಟು, ಅದರ ತಾತ್ಪರ್ಯವನ್ನು ಹತ್ತು ಸಾಲಿನಲ್ಲಿ ಇಲ್ಲಿಯೇ ಬರೆಯೆಂದೆವು. ಮೊದಲ ಸಾಲನ್ನು ಮೂರು ಬಾರಿ ಹೊಡೆದುಹಾಕಿದನು. ಅರ್ಧ ಗಂಟೆಯ ತರುವಾಯ, ತಲೆಯೆತ್ತದೆಯೇ ಇನ್ನೊಂದು ಹಾಳೆಯನ್ನು ಬೇಡಿದನು.