ಹಳೆಯ ಪುಟ್ಟ ಜೀಪು ಕೊಳ್ಳುವ ಸದಸ್ಯರಿಗೆ ಕೆಲವು ಪಾಠಗಳು



ಉಡುಮಲೆಪೇಟೆ, ಮಡತ್ತುಕುಳಂ, ಪೊಳ್ಳಾಚಿ ಕಡೆಯ ಕಪ್ಪು ನೆಲದಲ್ಲಿ ಹಿಂಗಾರು ಮಳೆ ಹಿಡಿಯಿತೆಂದರೆ ಹೊಲದ ದಾರಿ ಹೇಗಾಗುತ್ತದೆ ಎಂಬುದನ್ನು ಬೆಳೆಗಾರನಿಗೆ ವಿವರಿಸಬೇಕಾದ್ದಿಲ್ಲ. ಕಟಾವಿನ ಆಜ್ಞೆ ಕೈಗೆ ಬಂದಿರುತ್ತದೆ, ಆಳುಗಳು ಬಂದಿರುತ್ತಾರೆ, ಆದರೆ ಮೋಟಾರು ಸೈಕಲ್ ಹೊಲ ಮುಟ್ಟುವುದಿಲ್ಲ. ಇಂಥ ದಿನಗಳಲ್ಲಿ ನಾಲ್ಕು ಚಕ್ರಗಳೂ ಎಳೆಯುವ ಪುಟ್ಟ ಗಾಡಿಯೊಂದು ಮನೆಯಲ್ಲಿದ್ದರೆ ಎಂಬ ಆಸೆ ಸಹಜ. ಹೊಸದರ ಬೆಲೆ ಕೈಗೆಟುಕದು. ಆದ್ದರಿಂದ ಹಳೆಯ ಜಿಪ್ಸಿ ಅಥವಾ ಹಳೆಯ ಮಹೀಂದ್ರ ಜೀಪಿನ ಮೇಲೆ ಕಣ್ಣು ಬೀಳುತ್ತದೆ. ಕೊಳ್ಳುವುದು ತಪ್ಪಲ್ಲ, ತಿಳಿಯದೆ ಕೊಳ್ಳುವುದು ತಪ್ಪು. ಈ ಪಾಠ ಅದಕ್ಕಾಗಿ.

1. ಗಾಡಿಯ ಪರಿಚಯ

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. ಮಾರುತಿ ಜಿಪ್ಸಿ ಬಂದದ್ದು 1985ರ ಡಿಸೆಂಬರಿನಲ್ಲಿ. ಮೊದಲ ಜಿಪ್ಸಿಗೆ 970 ಸಿ.ಸಿ. ಪೆಟ್ರೋಲ್ ಎಂಜಿನ್ ಇತ್ತು. 1996ರಲ್ಲಿ 1298 ಸಿ.ಸಿ. ಎಂಜಿನ್ ಬಂತು, 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಪದ್ಧತಿ ಬಂತು. 2019ರಲ್ಲಿ ಜನರಿಗೆ ಮಾರುವುದು ನಿಂತಿತು. ಹೀಗಾಗಿ ಈಗ ದೊರೆಯುವ ಜಿಪ್ಸಿಗಳೆಲ್ಲ ಹಳೆಯವೇ, ಬಹಳಷ್ಟು ಇಪ್ಪತ್ತು ವರ್ಷ ಮೀರಿದವು.

ಜೀಪಿನ ಆಕಾರವಿದ್ದ ಮಾತ್ರಕ್ಕೆ ನಾಲ್ಕು ಚಕ್ರದ ಎಳೆತ ಇದೆಯೆಂದು ನಂಬತಕ್ಕದ್ದಲ್ಲ. ಹಿಂಚಕ್ರ ಮಾತ್ರ ಎಳೆಯುವ ಜೀಪುಗಳೂ ಸಾಕಷ್ಟು ಮಾರಾಟವಾಗಿವೆ. ಕೆಲವರು ಮುಂಭಾಗದ ಶಾಫ್ಟನ್ನು ಕಳಚಿ ಮಾರಿಬಿಟ್ಟಿರುತ್ತಾರೆ. ಬಗ್ಗಿ ಕೆಳಗೆ ನೋಡಿ. ಮುಂದಿನ ಆಕ್ಸಲ್ಲಿಗೂ ಹಲ್ಲುಚಕ್ರದ ಗುಂಡು ಪೆಟ್ಟಿಗೆ ಮತ್ತು ಅದಕ್ಕೆ ಹೋಗುವ ಶಾಫ್ಟು ಇರಬೇಕು. ಒಳಗೆ ಗೇರಿನ ಪಕ್ಕದಲ್ಲಿ ಎರಡನೆಯ ಸನ್ನೆ ಇರಬೇಕು.

2. ನಾಲ್ಕು ಚಕ್ರದ ಎಳೆತ ಹೇಗೆ ಕೆಲಸ ಮಾಡುತ್ತದೆ?

ಗೇರು ಪೆಟ್ಟಿಗೆಯಿಂದ ಬಂದ ಬಲವನ್ನು ಇನ್ನೊಂದು ಪೆಟ್ಟಿಗೆ ಹಿಂದಕ್ಕೂ ಮುಂದಕ್ಕೂ ಹಂಚುತ್ತದೆ. ಇದನ್ನು ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಇದರ ಸನ್ನೆಗೆ ಮುಖ್ಯವಾಗಿ ಮೂರು ಸ್ಥಾನಗಳು: ಎರಡು ಚಕ್ರ, ನಾಲ್ಕು ಚಕ್ರ, ನಾಲ್ಕು ಚಕ್ರ ನಿಧಾನ. ಜಿಪ್ಸಿಯಲ್ಲಿ ನಿಧಾನದ ಸ್ಥಾನಕ್ಕೆ ಹಾಕಿದರೆ ಎಳೆಯುವ ಬಲ ಸುಮಾರು 1.6 ಪಟ್ಟಾಗುತ್ತದೆ, ವೇಗ ಅಷ್ಟೇ ಪಟ್ಟು ಇಳಿಯುತ್ತದೆ. ಕೆಲವು ಗಾಡಿಗಳಲ್ಲಿ ಮುಂಚಕ್ರದ ಗುಂಬದ ಮೇಲೆ ಕೈಯಿಂದ ತಿರುಗಿಸುವ ಬೀಗವಿರುತ್ತದೆ. ಅದನ್ನು ಹಾಕದೆ ಸನ್ನೆ ಮಾತ್ರ ಎಳೆದರೆ ಮುಂಚಕ್ರ ಎಳೆಯುವುದಿಲ್ಲ.

ಇಲ್ಲಿ ಒಂದು ಮುಖ್ಯ ವಿಷಯ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಓಡುತ್ತವೆ. ಆದರೆ ಈ ಪೆಟ್ಟಿಗೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿರುತ್ತದೆ. ಕೆಸರಿನಲ್ಲಿ ಚಕ್ರ ತುಸು ಜಾರಿ ಸರಿದೂಗಿಸಿಕೊಳ್ಳುತ್ತದೆ. ಗಟ್ಟಿ ಡಾಂಬರಿನಲ್ಲಿ ಜಾರಲು ಎಡೆಯಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ ಶಾಫ್ಟು, ಹಲ್ಲುಚಕ್ರಗಳು ತಿರುಚಿಕೊಳ್ಳುತ್ತವೆ. ಆದ್ದರಿಂದ ಒಣ ಡಾಂಬರು ರಸ್ತೆಯಲ್ಲಿ ಯಾವಾಗಲೂ ಎರಡು ಚಕ್ರದಲ್ಲೇ ಓಡಿಸಬೇಕು. ಆಳಿಯಾರಿನಿಂದ ವಾಲ್ಪಾರೈಗೆ ಹೋಗುವ ರಸ್ತೆಯಲ್ಲಿ 40 ಹಿಮ್ಮುರಿ ತಿರುವುಗಳಿವೆ. ಒಣ ದಿನದಲ್ಲಿ ನಾಲ್ಕು ಚಕ್ರ ಹಾಕಿಕೊಂಡು ಅಲ್ಲಿಗೆ ಹೊರಟರೆ ಪೆಟ್ಟಿಗೆಯ ಆಯುಷ್ಯ ಕಡಿಮೆಯಾಗುವುದು ಖಂಡಿತ.

3. ಕೊಳ್ಳುವಾಗಿನ ಪರೀಕ್ಷೆ

ಎತ್ತು ಕೊಳ್ಳುವಾಗ ಕೊಂಬಿನ ಬಣ್ಣ ನೋಡಿ ಹಣ ಕೊಡುವವರಿಲ್ಲ, ಹಲ್ಲು ನೋಡುತ್ತೇವೆ. ಗಾಡಿಗೂ ಹಾಗೆಯೇ.

(ಅ) ಚಾಸಿ: ಗಾಡಿಯ ಬೆನ್ನೆಲುಬು ಇದೇ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಗಂಟೆಯಂತೆ ಧ್ವನಿಸುತ್ತದೆ, ತುಕ್ಕು ತಿಂದದ್ದು ಮಂದವಾಗಿ ಕೇಳುತ್ತದೆ. ಪಟ್ಟಿ ಸ್ಪ್ರಿಂಗು ಚಾಸಿಗೆ ಸೇರುವ ಕಿವಿಗಳನ್ನು ವಿಶೇಷವಾಗಿ ಪರೀಕ್ಷಿಸಿ. ಅಡಿಯಲ್ಲಿ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿ, ಸಂಶಯಪಡಿ.

(ಆ) ಮುಂಚಕ್ರ: ಜಾಕಿಯಿಂದ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಬೇರಿಂಗು ಅಥವಾ ಕಿಂಗ್‌ಪಿನ್ ಸವೆದಿದೆ. ಓಡುವಾಗ ಸ್ಟೇರಿಂಗ್ ಗಡಗಡ ನಡುಗುವುದಕ್ಕೆ ಇದೂ ಒಂದು ಕಾರಣ. ಚಕ್ರದ ಒಳಬದಿಯ ಗೋಳದ ಸುತ್ತ ಗ್ರೀಸು ಸುರಿದಿದ್ದರೆ ಸೀಲು ಹೋಗಿದೆ.

(ಇ) ಎಣ್ಣೆ: ಎರಡೂ ಆಕ್ಸಲ್ ಪೆಟ್ಟಿಗೆಗಳ ಬಿರಡೆ ಬಿಚ್ಚಿ ಎಣ್ಣೆ ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ.

(ಈ) ಎಳೆತ: ಸಡಿಲ ಮಣ್ಣಿನ ಮೇಲೆ ಮೂರೂ ಸ್ಥಾನಗಳಲ್ಲಿ ಓಡಿಸಿ ನೋಡಿ. ಕಾಲು ತೆಗೆದೊಡನೆ ಸನ್ನೆ ತಾನಾಗಿ ಹೊರಕ್ಕೆ ಹಾರಿದರೆ ಪೆಟ್ಟಿಗೆಯ ಕೆಲಸವಿದೆ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

4. ಲೇಖಕನ ಸ್ವಂತ ಪಾಠ

ಮೇಲಿನ (ಅ) ಅಂಶವನ್ನು ಮೊದಲು ಬರೆದದ್ದಕ್ಕೆ ಕಾರಣವಿದೆ. ನಾನು ಹಳೆಯ ಜಿಪ್ಸಿ ಕೊಂಡಾಗ ಎಂಜಿನ್ ಕೇಳಿದೆ, ಟೈರು ನೋಡಿದೆ, ಬಣ್ಣಕ್ಕೆ ಮೆಚ್ಚಿದೆ. ಸುತ್ತಿಗೆ ಹಿಡಿಯಲಿಲ್ಲ. ಮೊದಲ ಮಳೆಗಾಲದಲ್ಲೇ ಎಂಟು ಮೂಟೆ ಗೊಬ್ಬರ ಹೇರಿ, ಇಬ್ಬರು ಆಳುಗಳನ್ನು ಹಿಂದೆ ಕೂರಿಸಿಕೊಂಡು ಕಾಲುವೆ ಏರಿಯ ಮೇಲೆ ಹೊರಟೆ. ಹಿಂದಿನ ಎಡಗಡೆಯ ಸ್ಪ್ರಿಂಗಿನ ಕಿವಿ ಬಣ್ಣದ ಅಡಿಯಲ್ಲಿ ತುಕ್ಕು ಹಿಡಿದು ಕಾಗದದಂತಾಗಿತ್ತು. ಅದು ಕಿತ್ತಿತು. ಗಾಡಿ ಕಾಲುವೆಯ ಕಡೆಗೆ ವಾಲಿತು. ಮಗುಚಲಿಲ್ಲ. ಆದರೆ ಹೆದರಿ ಹಾರಿದ ಆಳಿನ ಮುಂಗೈ ಮುರಿಯಿತು. ಆತನಿಗೆ ಆ ಕಟಾವಿನ ಹಂಗಾಮು ಪೂರ್ತಿ ಕೂಲಿ ತಪ್ಪಿತು. ಆಸ್ಪತ್ರೆಯ ಖರ್ಚು, ಕೂಲಿಯ ಹಣ ನಾನು ಕೊಟ್ಟೆ. ಆದರೆ ಆತ ಮುಂದಿನ ವರ್ಷವೂ ಆ ಕೈಯಲ್ಲಿ ಮೊದಲಿನಂತೆ ಮಚ್ಚು ಬೀಸಲಾಗಲಿಲ್ಲ. ಮಾರಿದವನನ್ನು ದೂರಿ ಪ್ರಯೋಜನವಿಲ್ಲ. ತಟ್ಟಿ ನೋಡಬೇಕಾದವನು ನಾನು, ಮಿತಿಮೀರಿ ಹೇರಿದವನೂ ನಾನು.

5. ಎಷ್ಟು ಹೇರಬಹುದು?

ಆರ್.ಸಿ.ಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆಯಿರಿ. ಉಳಿದದ್ದು ಜನ, ಸಾಮಾನು ಎಲ್ಲ ಸೇರಿ ಹೇರಬಹುದಾದ ತೂಕ. ಜಿಪ್ಸಿಯಂಥ ಗಾಡಿಗೆ ಇದು ಸುಮಾರು 500 ಕಿಲೋ. ನನ್ನ ಎಂಟು ಮೂಟೆ 400 ಕಿಲೋ, ಮೂವರು ಜನ 180 ಕಿಲೋ, ಒಟ್ಟು 580. ಲೆಕ್ಕ ಅಲ್ಲಿಯೇ ತಪ್ಪಿತ್ತು. ಒಂದು ಎಕರೆ ನಾಟಿಗೆ ಬಿತ್ತನೆ ಕಬ್ಬು ಮೂರು ಟನ್ನಿನಷ್ಟು ಬೇಕು. ಅದು ಟ್ರ್ಯಾಕ್ಟರ್ ಟ್ರೈಲರಿನ ಕೆಲಸ. ಜೀಪಿನದು ಜನ, ಊಟ, ಪಂಪುಸೆಟ್ಟಿನ ಬಿಡಿಭಾಗ, ಒಂದೆರಡು ಮೂಟೆ. ಖಾಸಗಿ ಗಾಡಿಯಲ್ಲಿ ಬಾಡಿಗೆ ಪಡೆದು ಜನರನ್ನು ಸಾಗಿಸಿದರೆ ಅಪಘಾತದ ಕಾಲದಲ್ಲಿ ವಿಮೆ ಕೈಗೆ ಬಾರದೆಂಬುದೂ ನೆನಪಿರಲಿ.

6. ಕೆಸರಿನಲ್ಲಿ ಓಡಿಸುವ ಕ್ರಮ

• ಹೂತ ಮೇಲಲ್ಲ, ಹೂಳುವ ಮೊದಲೇ ನಾಲ್ಕು ಚಕ್ರಕ್ಕೆ ಹಾಕಿ.
• ಚಕ್ರ ಸುಮ್ಮನೆ ಸುತ್ತತೊಡಗಿದರೆ ಕಾಲು ತೆಗೆಯಿರಿ. ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಡಿಫರೆನ್ಷಿಯಲ್ ಬಲವನ್ನು ಸುಲಭವಾಗಿ ತಿರುಗುವ ಚಕ್ರಕ್ಕೇ ಬಿಡುತ್ತದೆ. ಆದ್ದರಿಂದ ಮುಂದೊಂದು, ಹಿಂದೊಂದು ಚಕ್ರ ಜಾರಿದರೆ ನಾಲ್ಕು ಚಕ್ರದ ಗಾಡಿಯೂ ನಿಂತುಬಿಡುತ್ತದೆ.
• ಟೈರಿನ ಗಾಳಿಯನ್ನು 18 ಪೌಂಡಿನವರೆಗೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಬೇಕು.
• ಇಳಿಜಾರಿನಲ್ಲಿ ನಿಧಾನ ಸ್ಥಾನ, ಮೊದಲ ಗೇರು. ಕ್ಲಚ್ಚು ಒತ್ತಬೇಡಿ, ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ.
• ದೂರ ಓಡಿ ಬಿಸಿಯಾದ ಗಾಡಿಯನ್ನು ತಟಕ್ಕನೆ ನೀರಿಗಿಳಿಸಬೇಡಿ. ಆಕ್ಸಲ್ ತಣ್ಣಗಾಗಿ ಒಳಗಿನ ಗಾಳಿ ಕುಗ್ಗಿದಾಗ ಅದು ಸೀಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಹರಿಯುವ ಕಾಲುವೆಗೆ ಇಳಿಯುವುದಂತೂ ಬೇಡವೇ ಬೇಡ.

7. ನಮ್ಮ ಕಬ್ಬು, ನಮ್ಮ ಟ್ಯಾಂಕು

ನಮ್ಮ ಕಬ್ಬಿನ ಕಾಕಂಬಿಯಿಂದ ಬರುವ ಎಥನಾಲ್ ಪೆಟ್ರೋಲಿನಲ್ಲಿ ಸೇರಿ ನಮ್ಮಲ್ಲಿಗೇ ಬರುತ್ತಿದೆ. 2025ರಲ್ಲಿ ದೇಶದ ಬೆರಕೆ ಶೇ. 20ಕ್ಕೆ ಮುಟ್ಟಿತು. ಇದು ಬೆಳೆಗಾರರಿಗೆ ಒಳ್ಳೆಯದೇ. ಆದರೆ ಹಳೆಯ ಕಾರ್ಬ್ಯುರೇಟರ್ ಗಾಡಿಗಳನ್ನು ಈ ಬೆರಕೆಗಾಗಿ ಮಾಡಿದ್ದಲ್ಲ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ಹಳೆಯ ಕೊಳೆಯನ್ನು ಸಡಿಲಿಸುತ್ತದೆ. ಆದ್ದರಿಂದ ಪೆಟ್ರೋಲ್ ಕೊಳವೆಗಳನ್ನು ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಿಸಿ, ಫಿಲ್ಟರನ್ನು ಆಗಾಗ ಬದಲಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಪೆಟ್ರೋಲ್ ವಾಸನೆ ಬಂದರೆ ಅಂದೇ ನೋಡಿಸಿ.

8. ಕಾಗದಪತ್ರ

ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದಕ್ಕೆ ನಮೂನೆ 25. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ ಇನ್ನೂ ಏರಿಸಿದ್ದಾರೆ. ತಮಿಳುನಾಡಿನಲ್ಲಿ ಹಸಿರು ತೆರಿಗೆಯೂ ಸೇರುತ್ತದೆ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ಕೇರಳ ಅಥವಾ ಕರ್ನಾಟಕದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು. ಚಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಆರ್.ಸಿ. ಜೊತೆ ಹೋಲಿಸದೆ ಮುಂಗಡ ಕೊಡಬೇಡಿ. ಅವಧಿ ಮೀರಿದ ಆರ್.ಸಿ. ಇದ್ದರೆ ಮಾರುವವನೇ ನವೀಕರಿಸಿ ಕೊಡಲಿ.

9. ಲೆಕ್ಕ

ಲೀಟರಿಗೆ 10 ಕಿ.ಮೀ., ತಿಂಗಳಿಗೆ 300 ಕಿ.ಮೀ. ಎಂದು ಹಿಡಿಯಿರಿ. 30 ಲೀಟರು, ಲೀಟರಿಗೆ 100 ರೂಪಾಯಿಯಂತೆ 3,000. ವರ್ಷಕ್ಕೆ 36,000. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ದರ ಶೇ. 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಅಂದರೆ ಪೆಟ್ರೋಲಿಗೇ ವರ್ಷಕ್ಕೆ ಹತ್ತು ಟನ್ನು ಕಬ್ಬು ಹೋಗುತ್ತದೆ, ಅದೂ ಕಟಾವಿನ ಕೂಲಿ ಕಳೆಯುವ ಮೊದಲಿನ ಲೆಕ್ಕ. ವಿಮೆ, ಟೈರು, ರಿಪೇರಿ ಬೇರೆ. ಎರಡು ಎಕರೆಯ ಸದಸ್ಯನಿಗೆ ಇದು ಭಾರ. ದೂರದಲ್ಲಿ ಹೊಲವಿರುವ, ಮಳೆಗಾಲದಲ್ಲಿ ದಾರಿ ಮುಚ್ಚುವ ಸದಸ್ಯನಿಗೆ, ಅಥವಾ ಇಬ್ಬರು ಮೂವರು ಅಣ್ಣತಮ್ಮಂದಿರು ಕೂಡಿ ಕೊಳ್ಳುವವರಿಗೆ ಹೊಂದೀತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ನಿಮಗೆ ನೀವೇ ಕೇಳಿಕೊಳ್ಳಿ

1. ವರ್ಷದಲ್ಲಿ ಎಷ್ಟು ದಿನ ನನ್ನ ಹೊಲಕ್ಕೆ ಬೇರೆ ಗಾಡಿ ಹೋಗುವುದಿಲ್ಲ?
2. ಚಾಸಿಯನ್ನು ನಾನೇ ತಟ್ಟಿ ನೋಡಿದೆನೆ?
3. ಆರ್.ಸಿ. ಯಾವ ದಿನದವರೆಗೆ ಇದೆ?
4. ಬೆಲೆಯ ಮೇಲೆ ಮೊದಲ ವರ್ಷದ ರಿಪೇರಿಗೆ ಹಣ ತೆಗೆದಿಟ್ಟಿದ್ದೇನೆಯೆ?

ನಾಲ್ಕಕ್ಕೂ ಸರಿಯಾದ ಉತ್ತರ ದೊರೆತ ಮೇಲೆ ಧೈರ್ಯವಾಗಿ ಕೊಳ್ಳಿ. ಚೆನ್ನಾಗಿ ನೋಡಿಕೊಂಡ ಹಳೆಯ ಜೀಪು ಹಲವು ವರ್ಷ ದುಡಿಯುತ್ತದೆ. ಒಂದಕ್ಕಾದರೂ ಉತ್ತರ ದೊರೆಯದಿದ್ದರೆ ಇನ್ನೊಂದು ಹಂಗಾಮು ಕಾಯಿರಿ. ಮತ್ತು ಸುತ್ತಿಗೆಯನ್ನು ಮರೆಯದೆ ಕೊಂಡೊಯ್ಯಿರಿ.